ಇನ್ನೊಂದು ಚಕ್ರ

ಚಿಕ್ಕಪ್ಪ ಹಳೆಯ ಪಿಕಪ್‌ನ ಮೇಲಿದ್ದ ಟಾರ್ಪಾಲು ಎಳೆದು ತೆಗೆಯುತ್ತಿದ್ದ. ಬಾಗಿಲಲ್ಲಿ ನಿಂತ ಅವಳಿಗೆ ಒಂದೇ ಅಳುಕು: ಬಾಯಿ ತೆರೆದರೆ ದನಿ ಹೊರಡುತ್ತದೋ ಇಲ್ಲವೋ. ಬೆಳಗಿನಿಂದ ಬಂದವರಿಗೆಲ್ಲ ತಲೆಯಾಡಿಸಿದ್ದಷ್ಟೇ.

ಒಳಗೆ ಅಪ್ಪನನ್ನು ಮಲಗಿಸಿದ್ದರು. ಬೀದಿಯವರ ಮಂಚ, ಬೀರು, ಮೇಜುಗಳನ್ನೆಲ್ಲ ಮನೆಯಿಂದ ಮನೆಗೆ ಸಾಗಿಸಿದವನು ತನ್ನ ಗಾಡಿಯಲ್ಲೇ ಹೋಗಲಿ ಎಂದು ಹಿರಿಯರು ತೀರ್ಮಾನಿಸಿದ್ದರು. ಸ್ಮಶಾನ ಇಳಿಜಾರಿನ ಕೊನೆಗೆ, ಕಾಲುವೆಯ ಪಕ್ಕ. ಗಾಡಿಗೆ ಹೊಸ ಡಿಸ್ಕ್ ಬ್ರೇಕ್ ಹಾಕಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಕೆಲಸ ಅರ್ಧಕ್ಕೆ ನಿಂತಿದೆಯೆಂದು ಗೊತ್ತಿದ್ದುದು ಅವಳೊಬ್ಬಳಿಗೇ.

"ನಮ್ ಬೀರು ತಂದಾಗ ಕನ್ನಡಿ ಕಾಯೋಕೆ ಇವಳನ್ನೇ ಹಿಂದೆ ಕೂರಿಸಿದ್ದ," ಎಂದ ಪಕ್ಕದ ಮನೆಯ ದರ್ಜಿ. "ಕನ್ನಡೀನೂ ಇವಳೂ ಸದ್ದು ಮಾಡಲ್ಲ, ಒಳ್ಳೇ ಜೋಡಿ ಅಂದಿದ್ದ ಪುಣ್ಯಾತ್ಮ."

ಯಾರೋ ನಕ್ಕರು, ಆಮೇಲೆ ಮೂಗು ಒರೆಸಿಕೊಂಡರು.

*

ಹಿಂದಿನ ದಿನ, ಭಾನುವಾರ, ಅವಳು ಡ್ರೈವರ್ ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂತಿದ್ದಳು. ಅಪ್ಪ ಮುಂದಿನ ಒಂದು ಚಕ್ರದ ಬಳಿ ಮಲಗಿದ್ದ. ಬಿಚ್ಚಿದ ಹಳೆಯ ಬ್ರೇಕ್ ಡ್ರಮ್‌ಗಳು ಗೋಡೆಗೆ ಒರಗಿದ್ದವು.

"ಒತ್ತು. ಹಿಡ್ಕೊ. ಬಿಡು."

ಬ್ರೇಕಿಗೆ ಸಿಕ್ಕಿಸಿದ ಸಣ್ಣ ಪೈಪಿನ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿತ್ತು. ಪ್ರತಿ ಸಲ ಒಳಗಿನ ಗಾಳಿ ಗುಳ್ಳೆಯಾಗಿ ಬರುತ್ತಿತ್ತು. ಗುಳ್ಳೆ ನಿಂತ ಮೇಲೇ ಬ್ರೇಕಿಗೆ ಬಲ. ಅಪ್ಪ ಮಗಳ ನಡುವೆ ದಿನವೆಲ್ಲ ನಡೆದ ಮಾತು ಹೆಚ್ಚಾಗಿ ಆ ಮೂರೇ.

ಒಮ್ಮೆ ಮಾತ್ರ, ಇಷ್ಟು ವರ್ಷ ಇಲ್ಲದ್ದು ಈಗೇಕೆ ಎಂದು ಅವಳು ಕೇಳಿದ್ದಳು.

"ಹಳೇದಕ್ಕೆ ನನ್ ಮೈಭಾರ ಎಲ್ಲಾ ಹಾಕ್ಬೇಕಿತ್ತು ಕಣೆ. ನಿನ್ ಕಾಲಿಗೆ ಅದು ಬಗ್ಗಲ್ಲ."

ಗಾಡಿ ಓಡಿಸುವ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಾಡಿಸಿಕೊಂಡಿದ್ದ ಲೈಸೆನ್ಸ್ ಬಳಸದೆ ಕಪಾಟಿನಲ್ಲೇ ಇತ್ತು.

ಕತ್ತಲಾಯಿತು. ಇನ್ನೊಂದು ಚಕ್ರ ನಾಳೆ ನೋಡೋಣ ಎಂದು ಅಪ್ಪ ಕೈ ತೊಳೆದ. ಬೆಳಗ್ಗೆ ಏಳಲಿಲ್ಲ.

*

ಚಿಕ್ಕಪ್ಪ ಹತ್ತಿ ಕೂತ. ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ಇದನ್ಯಾರು ಇಷ್ಟು ಮುಂದಕ್ಕೆ ಎಳೆದರೋ ಎಂದು ಗೊಣಗುತ್ತ ಸೀಟಿನ ಕೆಳಗೆ ಕೈ ಹಾಕಿ ಹಿಡಿಗಾಗಿ ತಡಕಾಡಿದ.

ಅವಳು ಸ್ಪ್ಯಾನರ್, ಪೈಪು, ಬಾಟಲಿ ಹಿಡಿದು ಬಂದು ಮುಂದಿನ ಇನ್ನೊಂದು ಚಕ್ರದ ಬಳಿ ಮೊಣಕಾಲೂರಿದಳು.

"ಏನಮ್ಮಾ ಇದು, ಈ ಹೊತ್ತಲ್ಲಿ?"

"ಒತ್ತಿ."

ಚಿಕ್ಕಪ್ಪ ಒತ್ತಿದ. ಪೆಡಲ್ ತಡೆಯೇ ಇಲ್ಲದೆ ನೆಲ ಮುಟ್ಟಿತು. ಅವನು ಒಮ್ಮೆ ಇಳಿಜಾರಿನತ್ತ ನೋಡಿದ, ಮತ್ತೆ ಅವಳತ್ತ. ಕಾಲನ್ನು ಪೆಡಲ್ ಮೇಲೇ ಇಟ್ಟುಕೊಂಡು ಕೂತ.

"ಹಿಡ್ಕೊಳ್ಳಿ. ಬಿಡಿ. ಒತ್ತಿ."

ದರ್ಜಿ ಬಂದು ಬಾಟಲಿ ಅಲುಗದಂತೆ ಹಿಡಿದ. ಗುಳ್ಳೆಗಳು ದೊಡ್ಡವು ಬಂದವು, ಸಣ್ಣವು ಬಂದವು, ಕೊನೆಗೆ ಬರೀ ಆಯಿಲ್ ಬಂತು. ಪೆಡಲ್ ಈಗ ಚಿಕ್ಕಪ್ಪನ ಕಾಲನ್ನು ಅರ್ಧದಲ್ಲೇ ತಡೆಯಿತು.

"ಈಗ ಕಲ್ಲಿನ ಹಾಗಿದೆ," ಎಂದು ಅವನು ಉಸಿರುಬಿಟ್ಟು, ಸೀಟು ಹಿಂದಕ್ಕೆ ತಳ್ಳಲು ಮತ್ತೆ ಬಗ್ಗಿದ.

ಅವಳು ಕೈಯೊರೆಸಿಕೊಂಡು ಎದ್ದು ಗಾಡಿಯ ಬಾಗಿಲು ತೆರೆದಳು.

"ತಳ್ಳಬೇಡಿ ಚಿಕ್ಕಪ್ಪ. ಅಪ್ಪ ಈ ಬ್ರೇಕ್ ಹಾಕಿದ್ದು ನನ್ ಕಾಲಿಗೆ. ನಾನೇ ಕರ್ಕೊಂಡು ಹೋಗ್ತೀನಿ."