ವಿಡಿಯೋಗೆ ಬೇಕಾದ ನಡಿಗೆ

ವಿಡಿಯೋದಲ್ಲಿ ರೋಗ ಚೆನ್ನಾಗಿ ಕಾಣಲಿ ಎಂದು ಕ್ಲಿನಿಕ್ಕಿನವರು ಪ್ರುದೆನ್‌ನ ಮಾತ್ರೆಗಳನ್ನು ಹಿಂದಿನ ದಿನವೇ ನಿಲ್ಲಿಸಿದ್ದರು.

ಬೆಳಿಗ್ಗೆ ಬಾಡಿಗೆಯ ಟ್ರೈಸಿಕಲ್ ರಿಕ್ಷಾದಲ್ಲಿ ಹೆಂಡತಿ ಸಾಲ್ವಿಂಗ್ ಅವನನ್ನು ದಾರಿಯುದ್ದಕ್ಕೂ ಅವುಚಿಕೊಂಡೇ ಬಂದಳು. ಅವನ ಕುತ್ತಿಗೆ ಒಂದು ಕಡೆಗೆ, ಸೊಂಟ ಇನ್ನೊಂದು ಕಡೆಗೆ ತಿರುಚಿಕೊಂಡಿದ್ದವು. ತೆರೆದ ಬಾಯಿ ಮುಚ್ಚುತ್ತಿರಲಿಲ್ಲ. ದವಡೆಗೆ ಸೂಜಿ ಬಿದ್ದರೆ ಮೂರು ತಿಂಗಳು ಗಂಜಿಯಾದರೂ ಗಂಟಲಲ್ಲಿ ಇಳಿಯುತ್ತದೆ. ಬೀಳದಿದ್ದರೆ ಅದೂ ಇಲ್ಲ. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ. ಅವನ ಅಣ್ಣ ತುತ್ತು ಸಿಕ್ಕಿಕೊಂಡೇ ಸತ್ತಿದ್ದ. ಪನಾಯ್ ದ್ವೀಪದ ಈ ಕಡೆ ಇಂಥ ಗಂಡಸರಿಲ್ಲದ ಊರೇ ಅಪರೂಪ.

ಸೂಜಿಮದ್ದು ಒಳಗಿನ ಫ್ರಿಜ್ಜಿನಲ್ಲಿತ್ತು. ಆದರೆ ಮೊದಲು ವಿಡಿಯೋ.

“ಆ ಗೋಡೆವರೆಗೂ ನಡೀರಿ ಅಣ್ಣ,” ಎಂದರು ಮನಿಲಾದಿಂದ ಬಂದಿದ್ದ ಡಾಕ್ಟರ್ ಲಿಮ್‌ಕಾಂಗ್.

ಪ್ರುದೆನ್ ಗೋಡೆಗೆ ಬೆನ್ನು ಮಾಡಿ ಹಿಂದಹಿಂದಕ್ಕೆ ನಡೆದ. ಮುಂದಕ್ಕೆ ಹೆಜ್ಜೆಯಿಟ್ಟರೆ ಹಗ್ಗದಂತೆ ಹುರಿಗೊಳ್ಳುವ ಮೈ, ಹಿಂದಕ್ಕೆ ಹೊರಟರೆ ತಾನಾಗಿ ಸಡಿಲವಾಗುತ್ತಿತ್ತು.

“ನೋಡಿ ಡಾಕ್ಟ್ರೇ, ಎಷ್ಟು ಚೆಂದ!” ಎಂದಳು ಸಾಲ್ವಿಂಗ್. “ಚರ್ಚಿಂದಾನೂ ಹೀಗೇ ಹೊರಗೆ ಬರ್ತಾರೆ. ನಮ್ಮ ಫಾದರ್ರೇ ದೇವರಿಗೆ ಬೆನ್ನು ತಿರುಗಿಸ್ತಾರೆ, ಇವರು ಮಾತ್ರ ಇಲ್ಲ!”

ನರ್ಸ್ ಹೊವೆಲಿನ್ ಕಿಸಕ್ಕನೆ ನಕ್ಕಳು. ಡಾಕ್ಟರು ನಗಲಿಲ್ಲ.

“ಹಿಂದಕ್ಕೆ ನಡೆದದ್ದು ಲೆಕ್ಕಕ್ಕಿಲ್ಲಮ್ಮ. ಮುಂದಕ್ಕೆ ಬೇಕು.”

ಮುಂದಕ್ಕೆ ನಡೆದ. ಗೋಡೆ ಮುಟ್ಟುವ ಮೊದಲೇ ಕಾಲು ಕಾಲಿಗೆ ತೊಡರಿ ಬಿದ್ದ. ಮೊಣಕಾಲಿನ ಚರ್ಮ ಕಿತ್ತು ರಕ್ತ ಒಸರಿತು.

ಡಾಕ್ಟರು ಕ್ಯಾಮೆರಾ ನೋಡಿದರು. “ಛೆ, ಪಾದಾನೇ ಬಂದಿಲ್ಲ. ಇನ್ನೊಂದ್ಸಲ.”

“ಹೋದ ವರ್ಷ ತೆಗೆದ್ರಲ್ಲ, ಅದೇನಾಯ್ತು?” ಎಂದಳು ಸಾಲ್ವಿಂಗ್.

“ಅದು ಬೇರೆ ಸಂಶೋಧನಾ ತಂಡದ್ದು.”

“ಅದಕ್ಕೂ ಮುಂಚಿಂದು?”

“ಅದೂ ಬೇರೆಯವರದ್ದು.”

“ತಂಡ ಬೇರೆ ಆಗಿರ್ಬಹುದು ಡಾಕ್ಟ್ರೇ, ಕಾಲು ಇವರದ್ದೇ ಅಲ್ವಾ? ಇವರಣ್ಣನ್ನೂ ಹೀಗೇ ನಡೆಸಿದ್ರಿ. ಅವರು ಮಣ್ಣಲ್ಲಿದಾರೆ. ನಿಮ್ಮ ವಿಡಿಯೋದಲ್ಲಿ ಇನ್ನೂ ನಡೀತಾನೇ ಇದಾರೇನೋ!”

“ನೋಡಿ, ವಿಡಿಯೋ ಇಲ್ಲದೆ ಸೂಜಿ ಕೊಡೋ ಹಾಗಿಲ್ಲ. ಹೊರಗೆ ಇನ್ನೂ ಜನ ಕಾಯ್ತಿದಾರೆ. ಬೇಡ ಅಂದ್ರೆ ಅವರಿಗೆ ಕೊಡ್ತೀನಿ.”

ನೆಲದ ಮೇಲಿದ್ದ ಪ್ರುದೆನ್ ಏನೋ ಅಂದ. ಹೊರಚಾಚಿದ ನಾಲಿಗೆಯಲ್ಲೇ ಮಾತು ಜಜ್ಜಿಹೋಯಿತು.

“ಏನಂತೆ?” ಎಂದರು ಡಾಕ್ಟರು.

“ಹಸಿವಂತೆ.”

ಸಾಲ್ವಿಂಗ್ ಅವನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಬಾಗಿಲ ಕಡೆಗೂ ಹೋಗಲಿಲ್ಲ, ಗೋಡೆಯ ಕಡೆಗೂ ಹೋಗಲಿಲ್ಲ. ಸೂಜಿ ಚುಚ್ಚುವ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಒದೆಯುವ ಕಾಲುಗಳನ್ನು ತನ್ನ ಮೊಣಕಾಲುಗಳ ನಡುವೆ ಬಿಗಿಹಿಡಿದು ಎದುರಿಗೆ ನಿಂತಳು.

“ಅಲ್ಲಲ್ಲಮ್ಮ, ಎಬ್ಬಿಸಿ ಅವರನ್ನ.”

“ಎಬ್ಬಿಸಲ್ಲ.”