ಖಾಲಿ ಗಾಡಿಯ ಬ್ರೇಕು

ಒಂದಾನೊಂದು ಊರಿನಲ್ಲಿ ಒಂದು ಬಂಡಿ ಇತ್ತಂತೆ. ಅದಕ್ಕೆ ಓಡುವುದಷ್ಟೇ ಗೊತ್ತಿತ್ತು, ನಿಲ್ಲುವುದು ಗೊತ್ತಿರಲಿಲ್ಲವಂತೆ. ಅಜ್ಜಿ ಅಯ್ಯಮ್ಮ ಹೇಳಿದ್ದರೆ ಕತೆಯನ್ನು ಹೀಗೇ ಎತ್ತಿಕೊಳ್ಳುತ್ತಿದ್ದಳು ಎಂದುಕೊಳ್ಳುತ್ತ ಭಾರತಿ ಹಳೆಯ ಪಿಕಪ್ಪಿನ ಕೆಳಗೆ ಅಂಗಾತ ಮಲಗಿದ್ದಳು. ಜಾಕು ಹಚ್ಚಿದ ಗಾಡಿ ಹಿಂಭಾಗ ಎತ್ತಿಕೊಂಡು ನಿಂತಿತ್ತು.

"ಒತ್ರಿ ಕಾಕಾ. ಹಾಂ, ಹಂಗ ಹಿಡಕೊಂಡಿರ್ರಿ."

"ಹಿಡದೀನಿ ಯವ್ವಾ," ಎಂದ ಗಾಡಿಯ ಮಾಲಕ ಸೂಗಪ್ಪ, ಪೆಡಲಿನ ಮೇಲೆ ಕಾಲಿಟ್ಟುಕೊಂಡೇ. "ಹತ್ತಿ ದಿಂಬು ತುಳದಂಗ ಆಗಾಕತ್ತೈತಿ."

ಭಾರತಿ ಹಿಂದಿನ ಗಾಲಿಯಲ್ಲಿ ಬ್ರೇಕ್ ಪೈಪಿನ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿದಳು. ಎಣ್ಣೆಯೂ ಇಲ್ಲ, ಗಾಳಿಯ ಗುಳ್ಳೆಯೂ ಇಲ್ಲ. ಮುಂದಿನ ಎರಡು ಗಾಲಿಗಳಲ್ಲಿ ಇದೇ ಎಣ್ಣೆ ಗಾಳಿಯನ್ನೆಲ್ಲ ಹೊರದೂಡಿ, ಕೆಳಗೆ ಹಿಡಿದ ಸೀಸೆಗೆ ಧಾರೆಯಾಗಿ ಬಂದಿತ್ತು.

ಬೆಳಿಗ್ಗೆ ಕಾಲುವೆ ಸೇತುವೆಯ ಹತ್ತಿರ ಬ್ರೇಕು ಹತ್ತದೆ ಸೂಗಪ್ಪ ಗಾಡಿಯನ್ನು ಜಲ್ಲಿಯ ಗುಡ್ಡೆಗೆ ಏರಿಸಿ ನಿಲ್ಲಿಸಿದ್ದ. ಮುಕ್ಕುಂದದ ಹೊಲಕ್ಕೆ ಹೊರಟಿದ್ದ ಕೊನೆಯ ಟ್ರಿಪ್ಪಿನ ಭತ್ತದ ಸಸಿ ಅದರಲ್ಲಿತ್ತು. ಅಲ್ಲಿ ಅವನ ಹೆಂಡತಿ ಕಸ್ತೂರೆಮ್ಮ ನಾಟಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಕಾಯುತ್ತಿದ್ದಳು. ಆ ಗುಂಪು ನಾಳೆ ಬೇರೆಯವರ ಗದ್ದೆಗೆ ಹೋಗುತ್ತದೆ. ಕಿತ್ತ ಸಸಿ ಅಲ್ಲಿಯತನಕ ತಡೆಯುವುದಿಲ್ಲ. ಉಸ್ತಾದ್ ಮಹಮ್ಮದಸಾಬ ಗ್ಯಾರೇಜನ್ನು ಮೊದಲ ಸಲ ಭಾರತಿಯ ಕೈಗೆ ಒಪ್ಪಿಸಿ ಲಿಂಗಸುಗೂರಿನ ಮದುವೆಗೆ ಹೋಗಿದ್ದ. "ನಾಕಕ್ಕ ನಿಮ್ಮ ಸಸಿ ಹೊಲದಾಗ ಇರ್ತಾವ ಕಾಕಾ," ಎಂದು ಅವಳು ಮಾತು ಕೊಟ್ಟುಬಿಟ್ಟಿದ್ದಳು. ಲೋಡು ಇಳಿಸದ ಗಾಡಿಗೆ ಕೈ ಹಚ್ಚಬಾರದೆಂಬುದು ಉಸ್ತಾದನ ಕಟ್ಟಪ್ಪಣೆ. ಹಾಗಾಗಿ ಸಸಿಯ ಕಟ್ಟುಗಳೆಲ್ಲ ಈಗ ಬೇವಿನ ನೆರಳಲ್ಲಿ, ಒದ್ದೆ ಚೀಲದಡಿ ಇದ್ದವು.

ಸೋರುತ್ತಿದ್ದ ಬ್ರೇಕ್ ಸಿಲಿಂಡರ್ ತೆಗೆದು ಹೊಸದು ಹಾಕಿಯಾಗಿತ್ತು. ನಿಪ್ಪಲ್ ಬಿಚ್ಚಿ ತಂತಿ ಆಡಿಸಿದಳು, ಕಸವಿಲ್ಲ. ಪೈಪಿನ ಗುಂಟ ಬೆರಳಾಡಿಸಿದಳು, ಎಲ್ಲೂ ಪಸೆಯಿಲ್ಲ.

"ಎರಡೂವರಿ ಆತು," ಎಂದ ಸೂಗಪ್ಪ. "ನಿಮ್ಮ ಉಸ್ತಾದಗ ಫೋನ್ ಹಚ್ಚು."

"ಅಂವ ಬಿರಿಯಾನಿ ಮುಂದ ಕುಂತಾನ. ಎತ್ತಂಗಿಲ್ಲ ಬಿಡ್ರಿ."

ಬೆರಳು ಪೈಪಿನ ಗುಂಟ ಮುಂದಕ್ಕೆ ಹೋಗಿ ಒಂದು ವಾಲ್ವಿನ ಹತ್ತಿರ ನಿಂತಿತು. ಅದರಿಂದ ಹೊರಟ ಸಣ್ಣ ಕಂಬಿ ಹಿಂದಿನ ಅಚ್ಚಿಗೆ ಕಟ್ಟಿಕೊಂಡಿತ್ತು. ಗಾಡಿ ಎತ್ತಿದ್ದರಿಂದ ಅಚ್ಚು ಜೋತುಬಿದ್ದಿತ್ತು. ಕಂಬಿಯೂ ಅದರ ಸಂಗಡ ಕೆಳಗೆ ಜಗ್ಗಿತ್ತು. ಭಾರತಿ ಅದನ್ನೇ ನೋಡುತ್ತ ಸುಮ್ಮನೆ ಮಲಗಿದಳು.

"ನಿದ್ದಿ ಹತ್ತಿತೇನು?"

ಅವಳು ಹೊರಗೆ ತೆವಳಿ ಬಂದು ಜಾಕು ಇಳಿಸಿದಳು. ಗಾಲಿಗಳು ನೆಲ ಮುಟ್ಟಿದ ಮೇಲೆ ಕೈಯಷ್ಟೇ ತೂರಿಸಿ ನಿಪ್ಪಲ್ ಸಡಿಲಿಸಿದಳು. ಸೂಗಪ್ಪ ಒತ್ತಿದ. ಎರಡು ಹನಿ ಬಂದವು. ಅಷ್ಟು ಸಾಕಾಗಿತ್ತು ಅವಳಿಗೆ.

"ಕಾಕಾ, ಗಾಡಿ ರಿಪೇರಿ ಗುಂಡಿ ಮ್ಯಾಲ ತಳ್ಳೋಣ, ಕೆಳಗ ನಿಂತು ಕೆಲಸಾ ಮಾಡ್ತೀನಿ. ಆಮ್ಯಾಲ ಸಸಿ ಎಲ್ಲಾ ವಾಪಸ್ ಏರಸ್ರಿ."

ಸೂಗಪ್ಪ ತಲೆಯ ಟವೆಲ್ಲು ತೆಗೆದ. "ಬ್ರೇಕ್ ಇಲ್ಲದ ಗಾಡಿಗೆ ಲೋಡು? ಮುಂಜಾನಿ ನೀನ ಅಲ್ಲೇನು ಇಳಸ್ರಿ ಅಂದಾಕಿ?"

"ನಾನ. ತಪ್ಪಾಗೈತಿ. ಈ ವಾಲ್ವು ಭಾರ ನೋಡಿ ಹಿಂದಿನ ಗಾಲಿಗೆ ಎಣ್ಣಿ ಬಿಡತೈತಿ. ನಾವು ಗಾಡಿ ಖಾಲಿ ಮಾಡಿ, ಮ್ಯಾಲ ಎತ್ತೀವಿ. ಭಾರ ಇಲ್ಲಂತ ಅದು ಬಾಗಿಲಾ ಹಾಕ್ಕೊಂಡೈತಿ."

"ಏರಿಸಿದ ಮ್ಯಾಲೂ ಬರಲಿಲ್ಲಂದ್ರ?"

"ಬರತೈತಿ."

ಅವಳ ದನಿಯಲ್ಲಿ ಅಳುಕಿರಲಿಲ್ಲ. ಸೂಗಪ್ಪ ಅವಳನ್ನೊಮ್ಮೆ ನೋಡಿ ಗಾಡಿಗೆ ಹೆಗಲು ಕೊಟ್ಟ. ಗಾಲಿಗಳಿಗೆ ಕಲ್ಲು ಕೊಟ್ಟು, ನೀರು ಸೋರುವ ಕಟ್ಟುಗಳನ್ನು ಇಬ್ಬರೂ ಏರಿಸಿದರು. ಗಾಡಿಯ ಬೆನ್ನು ಕುಗ್ಗಿತು. ಭಾರತಿ ಗುಂಡಿಗೆ ಇಳಿದಳು.

"ಒತ್ರಿ."

ಸೀಸೆಯಲ್ಲಿ ಮೊದಲು ಒಂದು ಗುಳ್ಳೆ, ಆಮೇಲೆ ಗುಳ್ಳೆಗಳ ಸಾಲು, ಆಮೇಲೆ ಬರೀ ಎಣ್ಣೆ. ಇನ್ನೊಂದು ಗಾಲಿಯೂ ಹಾಗೆಯೇ ತೆರೆದುಕೊಂಡಿತು.

"ಏ ಯವ್ವಾ," ಎಂದ ಸೂಗಪ್ಪ ಮೇಲಿನಿಂದ, "ಕಾಲಿಗೆ ಕಲ್ಲು ಸಿಕ್ಕಂಗಾತು."

ಮುಕ್ಕುಂದದ ತನಕ ಭಾರತಿಯೇ ಓಡಿಸಿದಳು. ಕಾಲುವೆ ಏರಿಯ ಇಳಿಜಾರಿನಲ್ಲಿ ಪೆಡಲ್ ಒತ್ತಿದಳು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಗಾಡಿ ಬದುವಿನ ಅಂಚಿಗೆ ಮೊಳ ಉಳಿಸಿ ನಿಂತಿತು. ಮೊಣಕಾಲತನಕ ಕೆಸರಾಗಿದ್ದ ಕಸ್ತೂರೆಮ್ಮ ಎದ್ದು ಬಂದು, ಒಂದು ಕಟ್ಟಿನ ಬೇರು ಹಿಸುಕಿ ನೋಡಿ, "ಹಸೀನ ಅದಾವ," ಎಂದಳು.

ಹೆಣ್ಣುಮಕ್ಕಳು ಬದುವಿನ ಮೇಲೆ ಸಾಲಾಗಿ ನಿಂತು ಕಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿದರು. ಕೊನೆಯ ಕಟ್ಟು ಭಾರತಿಯ ಕೈಗೇ ಬಂತು. ಅವಳು ಅದನ್ನು ಬೀಸಿ ಎಸೆದಳು. ಅದು ಗದ್ದೆಯ ನಡುವೆ ಬಿದ್ದು, ಒಂದು ಸುತ್ತು ತಿರುಗಿ, ನೀರಿನಲ್ಲಿ ನೆಟ್ಟಗೆ ನಿಂತಿತು.