ದೋಣಿ ಹಿಡಿಸುವ ಗಾಡಿ

ಗಾಡಿ ಕೊಳ್ಳುತ್ತೇನೆ ಎಂದು ನಾನು ಬಾಯಿಬಿಟ್ಟದ್ದೇ ತಡ, ಮನೆಯಲ್ಲಿ ಎಲ್ಲರೂ ಗಾಡಿ ಪಂಡಿತರಾಗಿಬಿಟ್ಟರು. ಎಲ್ಲರೂ ಅಂದರೆ ಇಬ್ಬರು, ಅಕ್ಕ ಮತ್ತು ಭಾವ. ಭಾವ ಹಲ್ಲಿನ ಡಾಕ್ಟರು. ಯಾವ ಗಾಡಿ ಕಂಡರೂ ಮುಂದಿನ ಮುಚ್ಚಳ ಎತ್ತಿ, ಒಳಗೆ ಟಾರ್ಚು ಬಿಟ್ಟು, "ಹ್ಞೂಂ, ಇಲ್ಲೇನೋ ಹುಳುಕಿದೆ" ಅನ್ನುವ ಆಸಾಮಿ.

ನನಗೆ ಗಾಡಿ ಬೇಕಿದ್ದದ್ದು ಸುಳ್ಳಲ್ಲ. ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮಾದರಿ ಕತ್ತರಿಸುವವಳು. ಅಂಗಿಯೋ ಕೋಟೋ, ಯಾವುದೇ ಇರಲಿ, ಅದರ ಆಕಾರ ಮೊದಲು ಕಂದು ಕಾಗದದಲ್ಲಿ ಹುಟ್ಟುವುದು ನನ್ನ ಮೇಜಿನ ಮೇಲೆ. ಕತ್ತರಿ ಹಿಡಿಯಲು ಕಲಿಸಿದವಳೇ ಅಕ್ಕ. ಆ ಕಾಗದದ ಸುರುಳಿಗಳನ್ನು ಕಂಕುಳಲ್ಲಿಟ್ಟುಕೊಂಡು ದಿನಾ ಬಸ್ಸು ಹತ್ತುತ್ತಿದ್ದೆ. ನನ್ನ ಸುರುಳಿ ತಿವಿಯದ ಮೂಗು ಆ ಬಸ್ಸಿನಲ್ಲಿ ಇನ್ನು ಉಳಿದಿರಲಿಲ್ಲ. ಕಾರ್ಖಾನೆಯ ಗಲ್ಲಿಯೋ, ಎರಡು ಲಾರಿ ಎದುರುಬದುರಾದರೆ ಚಾಲಕರು ಕೂತಲ್ಲಿಂದಲೇ ಕೈಕುಲುಕಬಹುದು. ಅಲ್ಲಿ ನಿಲ್ಲಿಸಬೇಕಾದರೆ ಗಾಡಿ ಪುಟ್ಟದಾಗಿರಲೇಬೇಕು.

ಆದರೆ ಅಸಲಿ ಕಾರಣ ನಮ್ಮ ನಡುಮನೆಯ ಗೋಡೆ ಪಕ್ಕ ಮಲಗಿತ್ತು. ಇಬ್ಬರು ಕೂತು ಹುಟ್ಟು ಹಾಕುವ, ಮೇಲೆ ತೆರೆದಿರುವ ಹಗುರ ದೋಣಿ. ಮುಂದೆ ಅಕ್ಕ, ಹಿಂದೆ ನಾನು. ರಜೆ ಸಿಕ್ಕರೆ ಸಾಕು, ಊರಾಚೆಯ ಕೆರೆಗೆ ಓಟ. ಹೋದ ವರ್ಷ ಬಾಡಿಗೆ ವ್ಯಾನಿನ ತಲೆ ಮೇಲೆ ಅದನ್ನು ಕಟ್ಟುವಾಗ ಅಕ್ಕ ಸ್ಟೂಲಿನಿಂದ ಬಿದ್ದಳು. ಮುರಿದ ಮಂಡಿ ಕೂಡಿತು, ಮಡಚುವುದು ಮಾತ್ರ ನಿಂತಿತು. ದೋಣಿಯಲ್ಲಿ ಕಾಲು ಚಾಚಿಯೇ ಕೂರುವುದು ತಾನೇ, ಧಾರಾಳವಾಗಿ ಹೋಗಿ ಎಂದು ಮೂಳೆ ಡಾಕ್ಟರು ಹೇಳಿದ್ದರು. ಅಕ್ಕ ಜಪ್ಪಯ್ಯ ಅಂದರೂ ಮಹಡಿ ಇಳಿಯಲಿಲ್ಲ. ಆಸ್ಪತ್ರೆಗೆ ಮಾತ್ರ ಇಳಿಯುತ್ತಿದ್ದಳು, ಅದಕ್ಕೂ ಭಾವನ ಹೆಗಲು ಬೇಕು. ಇಸ್ತ್ರಿ ಮಾಡಿದ ಬಟ್ಟೆಗಳನ್ನು ದೋಣಿಯೊಳಗೆ ಜೋಡಿಸಿಡತೊಡಗಿದಳು.

ಒಂದು ದಿನ ಹೂಗಿಡದ ಅಂಗಡಿಯವನು ದೋಣಿ ಕೇಳಿಕೊಂಡು ಬಂದ. "ಅಂಗಡಿ ಮುಂದೆ ಇಟ್ಟು, ಮಣ್ಣು ತುಂಬಿ ಗಿಡ ನೆಡ್ತೀನಿ. ನೋಡೋಕೆ ಚೆನ್ನಾಗಿರುತ್ತೆ" ಅಂದ. ಅಕ್ಕ ಒಪ್ಪಿ ತಲೆಯಾಡಿಸಿದಳು!

"ಮಣ್ಣಾ? ನಮ್ಮ ದೋಣಿಗೆ ಮಣ್ಣಾ?" ಎಂದು ನಾನು ಹಾರಾಡಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದಕ್ಕೆ ಬೇರೆ ಮನೆಯಿಲ್ಲ.

ಅಕ್ಕ ಅಲುಗಾಡಲಿಲ್ಲ. "ಅದನ್ನ ಇನ್ನು ಯಾವ ಗಾಡಿ ತಲೆ ಮೇಲೂ ಎತ್ತೋ ಹಾಗಿಲ್ಲ. ನೀನು ಸ್ಟೂಲ್ ಹತ್ತಿದ್ರೆ ಕಾಲು ಮುರೀತೀನಿ. ದೋಣಿ, ನೀನು, ಈ ಮಡಚದ ನನ್ನ ಕಾಲು, ಮೂರೂ ಒಂದೇ ಗಾಡಿಯೊಳಗೆ ಹಿಡಿಸು ನೋಡೋಣ. ಭಾನುವಾರ ಅವನು ಬರೋದ್ರೊಳಗೆ ಹಿಡಿಸಿದ್ರೆ ಕೆರೆಗೆ ಬರ್ತೀನಿ. ಇಲ್ಲಾಂದ್ರೆ ದೋಣಿ ಅವನದ್ದು. ಮಾತು ಮುಗೀತು."

ಮುಗಿಯಿತಾ? ನನ್ನ ಹತ್ತಿರವಾ? ಟೇಪು ತೆಗೆದೆ. ದೋಣಿಯ ಮೂಗಿನಿಂದ ಬಾಲದವರೆಗೆ ನಡುಗೆರೆ ಎಳೆದು ಅಳೆದೆ. ಅಕ್ಕನ ಕಾಲು ಅಳೆದೆ. "ಏಯ್, ಕಚಗುಳಿ ಇಡಬೇಡ್ವೇ!" ಎಂದು ಒದೆಯಲು ಬಂದಳು, ಮಂಡಿ ಮಡಚದೆ ಗಾಳಿಗೆ ಒದ್ದಳು. ಕಾರ್ಖಾನೆಯ ಮೇಜಿನ ಮೇಲೆ ಕಂದು ಕಾಗದ ಹಾಸಿ, ದೋಣಿ ಮತ್ತು ಕಾಲು ಎರಡಕ್ಕೂ ನಿಜವಾದ ಅಳತೆಯ ಮಾದರಿ ಕತ್ತರಿಸಿದೆ. ಕೈ ತಾನಾಗಿಯೇ ಓಡಿತು. ಅಬ್ಬಾ, ನನ್ನಷ್ಟು ಬುದ್ಧಿವಂತೆ ಈ ಪೇಟೆಯಲ್ಲೇ ಇಲ್ಲ ಅನ್ನಿಸಿತು.

ಸುರುಳಿ ಹಿಡಿದು ನಾನೂ ಭಾವನೂ ಗಾಡಿ ಅಂಗಡಿಗಳಿಗೆ ದಾಳಿಯಿಟ್ಟೆವು. ಭಾವನ ಕಣ್ಣು ಪಕ್ಕದಲ್ಲಿ ತೊಟ್ಟಿಲಿನಂಥ ಸೀಟಿದ್ದ ಬೈಕಿನ ಮೇಲೆ. ಕಾಗದ ಹೊದಿಸಿದರೆ ಬೈಕು ಜ್ವರ ಬಂದು ಮಲಗಿದಂತೆ ಕಂಡಿತು. ಆಮೇಲೊಂದು ದೈತ್ಯ ಜೀಪು. ಅದರ ಚಕ್ರ ನನ್ನ ಎದೆಯೆತ್ತರ. ಹತ್ತಿ ಕೂತವಳು ಇಳಿಯಲೊಲ್ಲೆ ಎಂದು ಪಟ್ಟು ಹಿಡಿದೆ. ಕಾರ್ಖಾನೆಯ ಗಲ್ಲಿ ನೆನಪಾಗಿ, ಮುಖ ಊದಿಸಿಕೊಂಡು ಇಳಿದೆ. ಮತ್ತೊಂದು ಎಷ್ಟು ಚಿಕ್ಕದೆಂದರೆ ಭಾವ ಒಳಗೆ ಕೂತಾಗ ಅವರ ಮಂಡಿ ಅವರ ಗಲ್ಲಕ್ಕೇ ತಾಗಿತು. "ಆ ಅನ್ನಿ ಭಾವ" ಎಂದೆ. ಅವರಿಗೆ ನಗು ಬರಲಿಲ್ಲ.

ಆಗ ಕಂಡಿತು ಹಳದಿ ಗಾಡಿ. ಪುಟ್ಟದು, ಗಿಡ್ಡ ಮೂಗಿನದು, ನಿಂತ ಪೆಟ್ಟಿಗೆಯಂತೆ ಎತ್ತರ.

"ಒಳಗಿನ ಎತ್ತರ ನೋಡಿ ಮೇಡಂ, ಕೂತ್ಕೊಂಡೇ ಕೊಡೆ ಬಿಚ್ಚಬಹುದು" ಅಂದ ಅಂಗಡಿಯ ಹುಡುಗ.

"ಯಾಕೆ, ಒಳಗೂ ಮಳೆ ಬರುತ್ತಾ?" ಎಂದು ನಾನು ಕಾಗದ ಬಿಚ್ಚಿದೆ. ಎಡಗಡೆಯ ಸೀಟುಗಳನ್ನು ಮಡಚಿದಾಗ ಕಾಗದದ ದೋಣಿ ಸುಖವಾಗಿ ಮಲಗಿತು. ಬಾಲವಷ್ಟೇ ಹಿಂಬಾಗಿಲಿನಾಚೆ. ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿದರಾಯಿತು. ನನ್ನ ಸೀಟಿನ ಹಿಂದೆ ಅಕ್ಕನ ಜಾಗ, ಅವಳ ಕಾಲಿನ ಕಾಗದ ನನ್ನ ಸೀಟಿಗೂ ದೋಣಿಗೂ ನಡುವಿನ ಸಂದಿನಲ್ಲಿ ಆರಾಮವಾಗಿ ಚಾಚಿಕೊಂಡಿತು. ಓಡಿಸಿ ನೋಡಿದೆ. ತಿರುವಿನಲ್ಲಿ ಅದು ಪುಸಕ್ಕನೆ ತಿರುಗಿದ ಚೆಂದಕ್ಕೆ ನಾನು ಕಿರುಚಿಯೇಬಿಟ್ಟೆ. ಭಾವ ಇನ್ನೂ ಹುಳುಕು ಹುಡುಕುತ್ತಿದ್ದರು. "ಇದೇ ಬೇಕು, ಈಗಲೇ ಬೇಕು!" ಎಂದು ಅಂಗಡಿಯಲ್ಲೇ ಕುಣಿದೆ.

ಭಾನುವಾರ ಬೆಳಗ್ಗೆ ಇಸ್ತ್ರಿ ಬಟ್ಟೆಯನ್ನೆಲ್ಲ ಮಂಚಕ್ಕೆ ಸುರಿದು, ನಾನೂ ಭಾವನೂ ದೋಣಿ ಹೊತ್ತು ಮಹಡಿ ಇಳಿದೆವು. ಅಕ್ಕ ಮೇಲಿನ ಕಿಟಕಿಯಲ್ಲಿ. ಹೂಗಿಡದವನು ಕೈಗಾಡಿ ತಂದು ಆಗಲೇ ನಿಂತಿದ್ದ.

"ಪಾಪ, ಸುಮ್ಮನೆ ಬಂದ್ರಿ" ಎಂದು ಅವನಿಗೆ ಹಲ್ಲು ಕಿರಿದು, ದೋಣಿಯನ್ನು ಹಿಂಬಾಗಿಲಿನಿಂದ ಒಳಗೆ ತಳ್ಳಿದೆ. ಸ್ವಲ್ಪ ಹೋಯಿತು. ನನ್ನ ಸೀಟಿನ ಬೆನ್ನಿಗೆ ಗುದ್ದಿ ನಿಂತಿತು. ಇನ್ನೊಮ್ಮೆ ತಳ್ಳಿದೆ. ಊಹೂಂ. ಭಾವ ಟಾರ್ಚು ಬಿಟ್ಟರು.

ಓಡಿಹೋಗಿ ಕಾಗದ ತಂದೆ. ದೋಣಿಯ ಮೇಲೆ ಹಾಸಿದೆ. ಅಯ್ಯೋ ದೇವರೇ! ಉದ್ದವೇನೋ ಸರಿಯಿತ್ತು, ಅಗಲದಲ್ಲಿ ಕಾಗದ ಅರ್ಧ ದೋಣಿಯನ್ನಷ್ಟೇ ಮುಚ್ಚಿತು.

ನಮ್ಮ ಕಸುಬಿನಲ್ಲಿ ಅಂಗಿಯ ಪೂರ್ತಿ ಬೆನ್ನನ್ನು ಕಾಗದದಲ್ಲಿ ಯಾರೂ ಕತ್ತರಿಸುವುದಿಲ್ಲ. ಎರಡು ಪಕ್ಕವೂ ಒಂದೇ ಥರ ಇದ್ದರೆ ಅರ್ಧ ಸಾಕು. ಬಟ್ಟೆಯನ್ನು ಮಡಚಿ, ಮಡಿಕೆಯ ಅಂಚಿಗೆ ಅದನ್ನಿಟ್ಟು ಕತ್ತರಿಸಿ ಬಿಚ್ಚಿದರೆ ಇಡೀ ಬೆನ್ನು ಬರುತ್ತದೆ. ದೋಣಿಯದೂ ಎರಡು ಪಕ್ಕ ಒಂದೇ ಥರ ತಾನೇ? ನನ್ನ ಕೈ ತನ್ನ ಪಾಡಿಗೆ ಅರ್ಧ ಕತ್ತರಿಸಿತ್ತು. ಆ ಅರ್ಧ ದೋಣಿಯನ್ನು ನಂಬಿ ಇಡೀ ಗಾಡಿ ಕೊಂಡಿದ್ದೆ.

"ಹಾಗಾದ್ರೆ ನಾನು ತಗೊಂಡು ಹೋಗ್ಲಾ?" ಎಂದು ಹೂಗಿಡದವನು ಮೆಲ್ಲಗೆ ಕೇಳಿದ. ನಾನು ಗಾಡಿಯ ಹಿಂದೆ ಕುಕ್ಕರಿಸಿ, ನಾಚಿಕೆಬಿಟ್ಟು ಗೊಳೋ ಎಂದು ಅತ್ತೆ. ಗಾಡಿಗಾಗಿ ಅಲ್ಲ. ಮುಂದಿನ ಸೀಟಿನಲ್ಲಿ ಅಕ್ಕನಿಲ್ಲದೆ ಆ ಕೆರೆ ನನಗೆ ಯಾಕೆ?

"ಏನಾಯ್ತೇ?" ಮೇಲಿನಿಂದ ಅಕ್ಕ.

"ಅರ್ಧ ಮಾದರಿ ತಗೊಂಡು ಹೋಗಿದ್ದೆ ಕಣೇ!" ಎಂದು ಅಳುತ್ತಲೇ ಕೂಗಿದೆ.

ಕಿಟಕಿಯಿಂದ ನಗು ಧಡಧಡ ಬಿತ್ತು. ಅಕ್ಕ ಹಾಗೆ ನಕ್ಕು ವರ್ಷವಾಗಿತ್ತು. ಕಿಟಕಿ ಖಾಲಿಯಾಯಿತು, ನಗು ನಿಲ್ಲಲಿಲ್ಲ. ಅದು ಮೆಟ್ಟಿಲಲ್ಲಿ ಕೇಳಿಸಿತು, ನಡುನಡುವೆ "ಅಯ್ಯೋ ದಡ್ಡಿ, ಮಡಿಕೆ ಬಿಚ್ಚಿ ನೋಡೇ ಅಂತ ಎಷ್ಟು ಸಲ ಹೇಳಿಕೊಟ್ಟಿದ್ದೆ!" ಎಂಬ ಬೈಗುಳ. ಭಾವ ಹೆಗಲು ಕೊಡಲು ಓಡಿದರು. ಅಷ್ಟರಲ್ಲಿ ಅಕ್ಕ ಕಂಬಿ ಹಿಡಿದುಕೊಂಡು ಒಬ್ಬಳೇ ಬಾಗಿಲಿಗೆ ಬಂದಿದ್ದಳು. ಹೊಟ್ಟೆ ಹಿಡಿದುಕೊಂಡು ಗಾಡಿಗೊರಗಿದಳು, ಕಣ್ಣೊರೆಸಿಕೊಂಡಳು, ಒಳಗೆ ಇಣುಕಿದಳು. ಚಾವಣಿಗೆ ಕೈಯಿಟ್ಟು ಗೇಣು ಹಾಕಿದಳು.

"ಬಟ್ಟೆ ಅಗಲ ಸಾಲದಿದ್ರೆ ಏನು ಮಾಡ್ತೀವಿ?"

"ತುಂಡು ತಿರುಗಿಸಿ ಇಡ್ತೀವಿ" ಎಂದು ಮೂಗು ಸೀಟಿದೆ.

"ಮತ್ತೆ? ತಿರುಗಿಸು!"

ದೋಣಿಯನ್ನು ಮಗ್ಗುಲಾಗಿ ನಿಲ್ಲಿಸಿ ತಳ್ಳಿದೆವು. ಅಂಗಡಿಯ ಹುಡುಗ ಹೊಗಳಿದ್ದ ಎತ್ತರ ಕೊನೆಗೂ ಕೆಲಸಕ್ಕೆ ಬಂತು. ಎಡಗಡೆಯ ಬಾಗಿಲುಗಳಿಗೆ ಬೆನ್ನು ಕೊಟ್ಟು ದೋಣಿ ಸರಕ್ಕನೆ ಜಾರಿ ಕೂತಿತು, ಬಾಲ ಹೊರಗೆ. ನಾನು ಹೋ ಎಂದು ಕೂಗಿ ಹೂಗಿಡದವನನ್ನೇ ಅಪ್ಪಿಕೊಂಡೆ. ಆಗ ನೋಡಿದರೆ, ದೋಣಿಯ ಅಂಚು ನಡುವಿನ ಸಂದನ್ನು ಮುಚ್ಚಿಬಿಟ್ಟಿತ್ತು. ಅಕ್ಕನ ಕಾಲಿಗೆ ಜಾಗವಿಲ್ಲ.

ಅಕ್ಕ ಬಾಗಿಲು ತೆಗೆದಳು. ನನ್ನ ಸೀಟಿನ ಹಿಂದೆ ಕೂತು, ತನ್ನತ್ತ ಬಾಯಿ ತೆರೆದು ಮಲಗಿದ್ದ ದೋಣಿಯೊಳಕ್ಕೆ ಆ ಕಾಲನ್ನು ಮೆಲ್ಲಗೆ ಚಾಚಿದಳು. ಹಿಡಿಸಿತು.

"ನಾನೆಲ್ಲಿ ಕೂರಲಿ?" ಅಂದರು ಭಾವ.

"ನಿಮಗೆ ಬಸ್ಸಿದೆಯಲ್ಲ" ಎಂದಳು ಅಕ್ಕ. ಆಮೇಲೆ ನನ್ನ ಬೆನ್ನಿಗೊಂದು ಗುದ್ದು. "ಇನ್ನೇನು ಮುಖ ನೋಡ್ತೀಯ? ಒಂದು ಕಾಲು ಆಗ್ಲೇ ದೋಣಿಯೊಳಗಿದೆ. ಹೊರಡೇ!"